ಮಾರ್ವಾಡಿ ಕುದುರೆಗೆ ಬ್ರೈಡಲ್ ಪಾತ್ (ಲಗಾಮಿನ ಪಟ್ಟಿ ಕೂರಲು ಕಿವಿಗಳ ಹಿಂದೆ ಜೂಲು ಬೋಳಿಸಿದ ಪಟ್ಟೆ) ಎಷ್ಟು ಅಗಲ ತೆಗೆಯಬೇಕು? ಕೂದಲು ಕತ್ತರಿಸುವ ಮೆಷೀನ್ ಸದ್ದಿಗೆ ಕುದುರೆ ಬೆಚ್ಚಿದರೆ ಏನು ಮಾಡಬೇಕು?

ಕಿವಿಯ ಅಳತೆ ಬೇಡ, ಪಟ್ಟಿಯ ಅಳತೆ ಸಾಕು. ನಿಮ್ಮ ಲಗಾಮಿನ ಮೇಲ್ಪಟ್ಟಿ ನೆತ್ತಿಯ ಮೇಲೆ ಎಷ್ಟು ಅಗಲ ಕೂರುತ್ತದೋ ಅಷ್ಟು ಜೂಲು ತೆಗೆಸಿ, ಹಿಂಬದಿಗೆ ಬೇಕಿದ್ದರೆ ಅರ್ಧ ಬೆರಳು ಹೆಚ್ಚು. ಮಹಾರಾಷ್ಟ್ರದ ಸಾರಂಗಖೇಡಾ ಕುದುರೆ ಜಾತ್ರೆಯಿಂದ ತಂದ ಮಾರ್ವಾಡಿ ಹೆಣ್ಣುಕುದುರೆ ಅಂದಿದ್ದೀರಿ. ಪುಣೆಯ ಲಾಯದ ಸೈಸ್ (ಕುದುರೆ ನೋಡಿಕೊಳ್ಳುವವನು) ಅದರ ಕಿವಿ ಹಿಂದಕ್ಕೆ ಮಡಚಿ, ತುದಿ ತಾಗುವ ತನಕ ಬೋಳಿಸುತ್ತೇನೆ ಅನ್ನುತ್ತಿದ್ದಾನೆ. ದಯವಿಟ್ಟು ಒಪ್ಪಬೇಡಿ.

ಆ ಅಳತೆಯನ್ನು ಅವನೇನೂ ಹುಟ್ಟಿಸಿಕೊಂಡು ಹೇಳಿದ್ದಲ್ಲ. ಅಮೆರಿಕದಲ್ಲಿ ಅರಬ್ಬಿ, ಕ್ವಾರ್ಟರ್ ಹಾರ್ಸ್ ತಳಿಗಳನ್ನು ಪ್ರದರ್ಶನಕ್ಕೆ ಇಳಿಸುವವರು ಹೀಗೇ ಅಳೆಯುತ್ತಾರೆ. ಗಂಟಲ ತಿರುವು ತೆಳ್ಳಗೆ, ಕತ್ತು ನೀಳವಾಗಿ ಕಾಣಲಿ ಅನ್ನುವುದು ಅವರ ಉದ್ದೇಶ. ಜಂಪಿಂಗ್, ಡ್ರೆಸಾಜ್ (ಸವಾರನ ಸನ್ನೆಗೆ ತಕ್ಕಂತೆ ಹೆಜ್ಜೆ ಹಾಕಿಸುವ ಸ್ಪರ್ಧೆ) ಕುದುರೆಗಳಿಗೆ ಸಾಮಾನ್ಯವಾಗಿ ಒಂದೆರಡು ಇಂಚು ಮಾತ್ರ. ಫ್ರೀಸಿಯನ್‌ನಂಥ ತುಂಬುಜೂಲಿನ ತಳಿ ಸಾಕುವವರಲ್ಲಿ ಎಷ್ಟೋ ಮಂದಿ ಅಲ್ಲಿ ಕತ್ತರಿ ಮುಟ್ಟಿಸುವುದೇ ಇಲ್ಲ. ಮಾರ್ವಾಡಿಯ ಕಿವಿಗಳಂತೂ ಒಳಕ್ಕೆ ಬಾಗಿ ತುದಿಗಳು ಒಂದನ್ನೊಂದು ಮುಟ್ಟುವಂತಿರುತ್ತವೆ. ಅಂಥ ಕಿವಿಯನ್ನು ಹಿಡಿದು ಮಡಚಿದರೆ ಕುದುರೆ ನಿಮ್ಮ ಕೈಗೇ ಹೆದರಲು ಕಲಿಯುತ್ತದೆ, ಬೇರೇನೂ ಸಿಗುವುದಿಲ್ಲ.

ಜೂಲು ತಿಂಗಳಿಗೆ ಒಂದು ಇಂಚಿನ ಆಸುಪಾಸು ಬೆಳೆಯುತ್ತದೆ. ಬೋಳಿಸಿದ ಜಾಗದ ಕೂದಲು ಮತ್ತೆ ಕತ್ತಿನ ಪಕ್ಕಕ್ಕೆ ಒರಗುವಷ್ಟು ಉದ್ದವಾಗುವ ತನಕ ಬ್ರಷ್ಷಿನ ಹಾಗೆ ನೆಟ್ಟಗೆ ನಿಂತಿರುತ್ತದೆ, ಅದೂ ತಿಂಗಳುಗಟ್ಟಲೆ. ಅಷ್ಟೂ ದಿನ ನೊಣ ಓಡಿಸುವಷ್ಟು ಉದ್ದದ ಕೂದಲು ಅಲ್ಲಿ ಇರುವುದಿಲ್ಲ. ಕಡಿಮೆ ತೆಗೆದದ್ದನ್ನು ನಾಳೆ ಅಗಲಿಸಬಹುದು, ಹೆಚ್ಚು ತೆಗೆದದ್ದಕ್ಕೆ ಕಾಯಲೇಬೇಕು.

ಹಾಗಾದರೆ ತೆಗೆಯುವುದಾದರೂ ಯಾಕೆ? ಪುಣೆಯ ಮಳೆಗಾಲದಲ್ಲಿ ಪಟ್ಟಿಯಡಿಯ ಕೂದಲು ಬೆವರು, ನೀರು ಹೀರಿ ಗಂಟುಗಟ್ಟುತ್ತದೆ. ನೆತ್ತಿಯಲ್ಲಿ ಚರ್ಮದ ಕೆಳಗೆ ಮಾಂಸ ಕಡಿಮೆ. ಗಂಟಿನ ಮೇಲೆ ಪಟ್ಟಿ ಬಿಗಿದು ಲಗಾಮು ಎಳೆದಾಗಲೆಲ್ಲ ಅದು ಒತ್ತುತ್ತದೆ. ಕುದುರೆ ತಲೆ ಕೊಡವಿದರೆ ನಾವು ಅದನ್ನು ಹಟಮಾರಿ ಅಂದುಬಿಡುತ್ತೇವೆ. ನಿಮ್ಮ ಕುದುರೆಯ ಜೂಲು ತೆಳುವಾಗಿದ್ದು ಗಂಟೇ ಬೀಳದಿದ್ದರೆ ಏನೂ ತೆಗೆಯದೆ ಬಿಡುವುದೂ ಸರಿಯೇ.

ಗುರುತು ಹಾಕುವುದು ಹೀಗೆ: ಲಗಾಮು ತೊಡಿಸಿ, ಪಟ್ಟಿ ತಾನಾಗಿ ಎಲ್ಲಿ ಕೂರುತ್ತದೆ ನೋಡಿ. ಅದರ ಹಿಂದಿನ ಜೂಲನ್ನು ಒದ್ದೆ ಮಾಡಿ ಜಡೆ ಹೆಣೆದು ರಬ್ಬರ್ ಹಾಕಿ. ಹಣೆಯ ಮೇಲೆ ಬೀಳುವ ಮುಂಜುಟ್ಟನ್ನೂ ಬೇರೆ ಕಟ್ಟಿ. ಅದು ಕಣ್ಣಿಗೆ ನೊಣ ಕೂರದಂತೆ ಕಾಯುತ್ತದೆ, ಅದರ ಒಂದೆಳೆಯೂ ಹೋಗಬಾರದು. ನಡುವೆ ಉಳಿದದ್ದಷ್ಟೇ ನಿಮ್ಮದು. ಪ್ರತಿ ಸಲವೂ ಜಡೆ ಹಾಕಿಯೇ ಮಾಡಿ. ಕಣ್ಣಳತೆಗೆ ಬಿಟ್ಟರೆ ಪಟ್ಟೆ ಸಲಸಲಕ್ಕೂ ಒಂದೊಂದು ಕೂದಲು ಹಿಂದಕ್ಕೆ ಸರಿಯುತ್ತ ಕೊನೆಗೆ ಸೈಸ್ ಹೇಳಿದ ಅಳತೆಗೇ ಬಂದು ನಿಲ್ಲುತ್ತದೆ.

ಇನ್ನು ಹೆದರಿಕೆ. ಮೊದಲು ನೆತ್ತಿಯನ್ನು ಬರಿಗೈಯಲ್ಲಿ ಸವರಿ ನೋಡಿ. ಮೆಷೀನ್ ಇಲ್ಲದೆಯೂ ತಲೆ ಎಳೆದುಕೊಂಡರೆ ಅದಕ್ಕೆ ಅಲ್ಲಿ ನೋವಿರಬಹುದು. ಜೂಲಿನ ಬುಡದಲ್ಲಿ, ಕಿವಿಯೊಳಗೆ ಉಣ್ಣೆ ಕಚ್ಚಿರುತ್ತದೆ, ಅಥವಾ ಕಟ್ಟಿದ ಹಗ್ಗ ಜಗ್ಗಿ ಪೆಟ್ಟಾಗಿರುತ್ತದೆ. ಆಗ ಪಶುವೈದ್ಯರನ್ನು ಕರೆಸಿ. ಕೂದಲುದುರಿದ ದುಂಡು ಮಚ್ಚೆ ಕಂಡರೂ ಮೆಷೀನ್ ಹಚ್ಚಬೇಡಿ. ಅದು ಹುಳುಕಡ್ಡಿಯಾಗಿದ್ದರೆ ಬ್ಲೇಡಿನ ಜೊತೆ ಇಡೀ ಲಾಯಕ್ಕೆ ಹರಡುತ್ತದೆ.

ನೋವಿಲ್ಲ, ಸದ್ದಿಗಷ್ಟೇ ಭಯ ಅಂತಾದರೆ ಅವಸರ ಬಿಡಿ. ಹುಲ್ಲು ತಿನ್ನುವಾಗ ದೂರದಲ್ಲಿ ಮೆಷೀನ್ ಚಾಲು ಮಾಡಿಡಿ. ಬೇರೆ ಹೊತ್ತಿನಲ್ಲಿ, ಬಂದ್ ಮಾಡಿದ ಮೆಷೀನಿನಿಂದ ಭುಜ ಉಜ್ಜಿ. ಆಮೇಲೆ ನಿಮ್ಮ ಅಂಗೈ ಭುಜದ ಮೇಲಿಟ್ಟು, ಓಡುತ್ತಿರುವ ಮೆಷೀನಿನ ಹಿಂಬದಿಯನ್ನು ಆ ಕೈಯ ಮೇಲಿಡಿ, ನಡುಕ ಕೈಯ ಮೂಲಕ ತಲುಪಲಿ. ಭುಜದಿಂದ ಕತ್ತಿಗೆ, ಕತ್ತಿನಿಂದ ನೆತ್ತಿಗೆ ನಿಧಾನ ಏರಿ. ಮುಖ್ಯವಾದ ಮಾತು: ಮೆಷೀನನ್ನು ದೂರ ತೆಗೆಯಬೇಕಾದದ್ದು ಕುದುರೆ ಸುಮ್ಮನೆ ನಿಂತ ಕ್ಷಣದಲ್ಲಿ. ತಲೆ ಎತ್ತಿದಾಗ ತೆಗೆದರೆ, ತಲೆ ಎತ್ತಿದ್ದರಿಂದಲೇ ಪೀಡೆ ತೊಲಗಿತು ಅಂತ ಅದು ಕಲಿಯುತ್ತದೆ. ಇದಕ್ಕೆ ವಾರಗಳೇ ಹಿಡಿದರೂ ಹಿಡಿಯಲಿ. ಮೂಗಿಗೆ ಹಗ್ಗ ತಿರುಚಿ ಐದು ನಿಮಿಷದಲ್ಲಿ ಮುಗಿಸುವವರಿದ್ದಾರೆ. ಬರಿಯ ಅಂದಕ್ಕಾಗಿ ಅಷ್ಟು ನೋವು ಕೊಡುವುದನ್ನು ನನ್ನಿಂದ ನೋಡಲಾಗುವುದಿಲ್ಲ.

ಅಷ್ಟರವರೆಗೆ ಕತ್ತರಿ ಇದೆಯಲ್ಲ. ಮೊಂಡು ತುದಿಯದು ತೆಗೆದುಕೊಂಡು ಕತ್ತಿನ ಮೇಲಂಚಿಗೆ ಸಮವಾಗಿ ಹಿಡಿಯಿರಿ, ತುದಿ ಕಿವಿ ಕಡೆಗಾಗಲಿ ಕಣ್ಣಿನ ಕಡೆಗಾಗಲಿ ತಿರುಗದಿರಲಿ. ಕುದುರೆಯನ್ನು ಕಂಬಕ್ಕೆ ಬಿಗಿಯಬೇಡಿ, ಪರಿಚಯದವರೊಬ್ಬರು ಹಗ್ಗ ಹಿಡಿದಿರಲಿ. ಇಬ್ಬರೂ ಒಂದೇ ಪಕ್ಕದಲ್ಲಿ, ಭುಜದ ಹತ್ತಿರ ನಿಲ್ಲಿ, ಎದುರಿಗೆ ಬೇಡ. ಹಾಲ್ಟರ್ (ತಲೆಗೆ ಕಟ್ಟುವ ಪಟ್ಟಿ) ಬಿಚ್ಚಿ ಕುದುರೆಯ ಕತ್ತಿಗೆ ಹಾಕಿದರೆ ಜಾಗ ಖಾಲಿ ಸಿಗುತ್ತದೆ.

ಮೆಷೀನಿಗೆ 10 ನಂಬರ್ ಬ್ಲೇಡ್ ಹಾಕಿಸಿ, ಸುಮಾರು ಒಂದೂವರೆ ಮಿಲಿಮೀಟರ್ ಕೂದಲು ಉಳಿಯುತ್ತದೆ. 40 ನಂಬರ್ ಶಸ್ತ್ರಚಿಕಿತ್ಸೆಗೆ ಬೋಳಿಸುವಾಗಿನದು, ನೆತ್ತಿಗೆ ಬೇಡವೇ ಬೇಡ. ಬ್ಲೇಡ್ ಬಿಸಿಯಾಗುತ್ತದೆ, ನಡುನಡುವೆ ನಿಮ್ಮ ಮುಂಗೈಗೆ ತಾಗಿಸಿ ನೋಡಿ. ಬೇರೆ ಕುದುರೆಗೆ ಬಳಸಿದ್ದಾದರೆ ಸೋಂಕುನಾಶಕದಲ್ಲಿ ತೊಳೆಯದೆ ಮುಟ್ಟಿಸಬೇಡಿ.

ಮೆಷೀನ್ ಕೈಗೆ ಬಂತೆಂದರೆ ಸೈಸ್ ಮೂತಿಯ ಮೀಸೆ, ಕಿವಿಯೊಳಗಿನ ಕೂದಲನ್ನೂ ಸಾಫು ಮಾಡಿಬಿಡುತ್ತಾನೆ, ಮುಂಚೆಯೇ ಹೇಳಿಡಿ. ತನ್ನ ಮೂಗಿನ ಕೆಳಗಿರುವುದು ಕುದುರೆಗೆ ಕಾಣುವುದಿಲ್ಲ, ಮೇವು ಯಾವುದು, ಮುಳ್ಳು ಯಾವುದು ಅನ್ನುವುದನ್ನು ಆ ಮೀಸೆಯೇ ತಿಳಿಸುತ್ತದೆ. ಅಂತರರಾಷ್ಟ್ರೀಯ ಅಶ್ವ ಕ್ರೀಡಾ ಒಕ್ಕೂಟ 2021ರ ಜುಲೈ 1ರಿಂದ ಮೀಸೆ ಬೋಳಿಸಿದ ಕುದುರೆಗಳನ್ನು ತನ್ನ ಸ್ಪರ್ಧೆಗಳಿಗೆ ಬಿಟ್ಟುಕೊಳ್ಳುವುದಿಲ್ಲ. ಕಿವಿಯೊಳಗಿನ ಕೂದಲು ಧೂಳು, ನೊಣ ತಡೆಯುತ್ತದೆ. ಹೊರಗೆ ಚಾಚಿಕೊಂಡದ್ದು ತೀರಾ ಹೆಚ್ಚಾಗಿದ್ದರೆ, ಕಿವಿಯ ಎರಡು ಅಂಚುಗಳನ್ನು ಮೆಲ್ಲಗೆ ಸೇರಿಸಿ ಹಿಡಿದು ಆಚೆ ಉಳಿದದ್ದನ್ನಷ್ಟೇ ಕತ್ತರಿಯಿಂದ ಸವರಬಹುದು, ಒಳಗೆ ಕೈ ಹಾಕುವುದು ಬೇಡ.