ಹಾಡಿಕೆ ಬರೀಬೇಕೋ, ಬಿಡಬೇಕೋ?

ಪ್ರಶ್ನೆ: ಮಗಳು ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಎರಡು ವರ್ಷ ಅತಿಥಿ ಉಪನ್ಯಾಸಕಿ ಆಗಿದ್ದಾಳ. ಖ್ಯಾಲ್ ಹಾಡತಾಳ, ಆಕಾಶವಾಣಿ ಬಿ ಗ್ರೇಡ್ ಅದ. ಈಗ ನರವಿಜ್ಞಾನದಾಗ ಪಿಎಚ್.ಡಿ.ಗೆ ಅರ್ಜಿ. ಬಯೋಡಾಟಾದಾಗ ಹಾಡಿಕೆ ಬರೀಬೇಕೇನ್ರಿ?
– ಓದುಗರೊಬ್ಬರು, ಧಾರವಾಡ

ಉತ್ತರ: ಬರೆಯಲಿ. ಆದರೆ ‘ಹವ್ಯಾಸ: ಸಂಗೀತ’ ಎಂದು ಕೊನೆಯ ಸಾಲಿಗೆ ತಳ್ಳಿದರೆ ಬರೆದೂ ಬರೆಯದ ಹಾಗೆ. ಮೊದಲು ಓದು, ಆಮೇಲೆ ಪ್ರಾಜೆಕ್ಟ್, ಪಾಠ, ಗಾಯನ. ಪ್ರಾಜೆಕ್ಟಿಗೆ ನಾಲ್ಕೈದು ಸಾಲು ಕೊಡಲಿ: ಪ್ರಶ್ನೆ ಏನಿತ್ತು, ಎಷ್ಟು ಸ್ಯಾಂಪಲ್, ತಾನೇ ಕೈಯಾರೆ ಮಾಡಿದ್ದೇನು. ‘ನಾವು ಮಾಡಿದೆವು’ ಎಂದರೆ ಸಂದರ್ಶನದಲ್ಲಿ ಅಲ್ಲೇ ಹಿಡಿಯುತ್ತಾರೆ. ಪಾಠದ ಕೆಳಗೆ ಯಾವ ತರಗತಿ, ಯಾವ ವಿಷಯ, ವಾರಕ್ಕೆ ಎಷ್ಟು ತಾಸು ಎಂದಿದ್ದರೆ ಸಾಕು. ಶರೀರಕ್ರಿಯಾಶಾಸ್ತ್ರದ ಪ್ರಾಕ್ಟಿಕಲ್ ನಡೆಸಿದ್ದರೆ ಅದೇ ಮೊದಲು ಬರಲಿ.

ಗಾಯನಕ್ಕೆ ಮೂರೇ ಸಾಲು: ಗುರುಗಳು ಮತ್ತು ಕಲಿತ ವರ್ಷಗಳು, ಆಕಾಶವಾಣಿ ಗ್ರೇಡ್, ಎರಡು ಮೂರು ಮುಖ್ಯ ಕಾರ್ಯಕ್ರಮ. ಗಣಪತಿ ಮಂಟಪಗಳ ಪಟ್ಟಿ ಬೇಡ. ಬರೀ ‘ಬಿ ಗ್ರೇಡ್’ ಎಂದರೆ ವಿಜ್ಞಾನಿಗಳು ಪರೀಕ್ಷೆಯ ಅಂಕ ಅಂದುಕೊಂಡಾರು! ಆಡಿಷನ್‌ನಲ್ಲಿ ಸಿಗುವ ಶ್ರೇಣಿ ಇದು, ಮೇಲಕ್ಕೆ ಬಿ-ಹೈ, ಎ, ಟಾಪ್ ಇವೆ ಎಂದು ಬಿಡಿಸಿ ಬರೆಯಲಿ.

ಎಡವುವುದು ಉದ್ದೇಶ ಪತ್ರದಲ್ಲಿ, ಅಂದರೆ ಯಾಕೆ, ಏನು ಸಂಶೋಧಿಸುತ್ತೇನೆ ಎಂದು ಅರ್ಜಿಯ ಜೊತೆ ಬರೆಯುವ ಪತ್ರದಲ್ಲಿ. ‘ಸಂಗೀತದಿಂದ ಬುದ್ಧಿ ಚುರುಕಾಗುತ್ತದೆ’ ಎಂದು ಬರೆದರೆ ಕೆಟ್ಟಿತು. ಈ ಮಾತಿಗೆ ಆಧಾರವೆಂದು ತೋರಿಸುವ, ಪಾಶ್ಚಾತ್ಯ ಸಂಗೀತಕಾರ ಮೊಜಾರ್ಟನ ಸಂಗೀತ ಕೇಳಿಸಿದ 1993ರ ಪ್ರಯೋಗದಲ್ಲಿ ಕಂಡದ್ದು ಕಾಲೇಜು ವಿದ್ಯಾರ್ಥಿಗಳು ಒಂದು ಬಗೆಯ ಆಕಾರದ ಲೆಕ್ಕದಲ್ಲಿ ತೋರಿದ 10–15 ನಿಮಿಷದ ಏರಿಕೆ, ಅಷ್ಟೇ. ‘ಹಾಡುವಾಗಲೇ ಇಇಜಿ (ಮಿದುಳಿನ ವಿದ್ಯುತ್ ಸಂಕೇತಗಳ ದಾಖಲೆ) ತೆಗೆಯುತ್ತೇನೆ’ ಎನ್ನುವುದೂ ಕಷ್ಟ: ನೆತ್ತಿಯ ಮೇಲೆ ಸಿಗುವ ಮಿದುಳಿನ ಸಂಕೇತ ಕೆಲವು ಹತ್ತು ಮೈಕ್ರೋವೋಲ್ಟ್, ದವಡೆ, ಹಣೆಯ ಸ್ನಾಯುಗಳ ವಿದ್ಯುತ್ತು ಅದನ್ನು ಮುಚ್ಚಿಹಾಕುತ್ತದೆ. ಅದಕ್ಕೇ ಹೆಚ್ಚಿನವರು ಕೇಳಿಸಿ ಅಳೆಯುತ್ತಾರೆ. ಒಂದೇ ಸ್ವರವನ್ನು ನೂರಾರು ಸಲ ಕೇಳಿಸಿ, ನಡುನಡುವೆ 20 ಸೆಂಟ್ ಸರಿಸಿದ ಸ್ವರ ಇಟ್ಟರೆ (ಸೆಂಟ್ ಎಂದರೆ ಶ್ರುತಿಯ ಅಂತರದ ಅಳತೆ; ಅರ್ಧಸ್ವರ ಎಂದರೆ 100 ಸೆಂಟ್) ಗಾಯಕರ ಮಿದುಳು, ಹಾಡದವರ ಮಿದುಳು ಅದನ್ನು ಹೇಗೆ ಹಿಡಿಯುತ್ತವೆ? ಇಂಥ ಪ್ರಶ್ನೆ ಕೇಳಲಿ. ಸರಿಸಿದ ಸ್ವರ ಒಂಚೂರು ಜೋರಾದರೂ ಸಾಕು, ಮಿದುಳು ಸ್ಪಂದಿಸಿದ್ದು ಶ್ರುತಿಗೋ ಜೋರಿಗೋ ತಿಳಿಯದು. ಆ ಜಾಗದಲ್ಲಿ ನಿಮ್ಮ ಮಗಳ ಪಳಗಿದ ಕಿವಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ, ಅದನ್ನೇ ಬರೆಯಲಿ.

ಶಿಫಾರಸು ಪತ್ರ ಮಾತ್ರ ಸಂಗೀತದ ಗುರುಗಳಿಂದ ಬೇಡ. ಲ್ಯಾಬಿನಲ್ಲಿ ಅವಳ ಕೆಲಸ ಕಂಡವರೇ ಬರೆಯಬೇಕು.