ದೇವಕಣಗಿಲೆ ಕೊಂಬೆ ನೆಟ್ಟರೆ ಪ್ರತಿ ಸಲ ಕೊಳೆಯುವುದು ಯಾಕೆ?

ಸಕಲೇಶಪುರದಲ್ಲಿ ನೆಂಟರ ಮನೆಯಿಂದ ತಂದ ದೇವಕಣಗಿಲೆ (ಪ್ಲುಮೇರಿಯಾ) ಕೊಂಬೆಯನ್ನು ಎರಡು ವರ್ಷವೂ ಜೂನ್‌ನಲ್ಲಿ ನೆಟ್ಟೆ, ಎರಡು ಸಲವೂ ಬುಡ ಕೊಳೆಯಿತು, ಸಂಪಿಗೆಯೂ ಕೊಂಬೆಯಿಂದ ಬರುತ್ತದಾ ಅಂತ ಕೇಳಿದ್ದೀರಿ. ನಾನು ಮೂಡಿಗೆರೆ ಕಡೆಯವನು. ನನ್ನ ಮೊದಲ ಮೂರು ಕೊಂಬೆಗಳೂ ಹೀಗೇ ಹೋದವು.

ನಮ್ಮ ಕಡೆಯವರಿಗೆ ಗೂಟ ನೆಡುವುದು ಅಂದರೆ ಕಾಫಿ ತೋಟದ ನೆರಳಿನ ಮರ ಹಾಲುವಾಣವೇ ನೆನಪಾಗುತ್ತದೆ, ಅಲ್ವಾ? ಮಳೆ ಹಿಡಿದ ಮೇಲೆ ಕಡಿದು ಕಾಫಿ ಗಿಡಗಳ ಮಧ್ಯೆ ನೆಟ್ಟರೆ ಚಿಗುರುತ್ತದೆ. ದೇವಕಣಗಿಲೆಗೆ ಆ ಲೆಕ್ಕ ನಡೆಯುವುದಿಲ್ಲ. ಇದರ ಮೂಲ ಮೆಕ್ಸಿಕೊ, ಕೆರಿಬಿಯನ್ ಕಡೆ. ದಪ್ಪ ಕೊಂಬೆಯೊಳಗೆ ನೀರು ತುಂಬಿಟ್ಟುಕೊಂಡಿರುತ್ತದೆ. ಹಸಿ ಗಾಯವನ್ನು ಹಸಿ ಮಣ್ಣಿಗೆ ಇಟ್ಟರೆ ಕೊಳೆಯದೆ ಇನ್ನೇನಾಗುತ್ತದೆ!

ಫೆಬ್ರವರಿ ಕೊನೆ ಅಥವಾ ಮಾರ್ಚ್‌ನಲ್ಲಿ, ಎಲೆ ಉದುರಿ ಬೋಳಾಗಿರುವಾಗ ಕೊಂಬೆ ಕಡಿಯಿರಿ. ಎಳೆ ಹಸಿರು ತುದಿ ಬೇಡ, ಬೂದು ಬಣ್ಣಕ್ಕೆ ತಿರುಗಿದ, ಒಂದು ಒಂದೂವರೆ ಅಡಿ ಉದ್ದದ್ದು ಸಾಕು. ಹಾಲು ಸುರಿಯುತ್ತದೆ. ಅದು ಚರ್ಮಕ್ಕೆ ತಾಗಿದರೆ ಕೆಲವರಿಗೆ ಉರಿ, ತುರಿಕೆ. ಆ ಕೈಯಲ್ಲಿ ಕಣ್ಣು ಮುಟ್ಟಬೇಡಿ.

ಆಮೇಲೆ ಜಗಲಿಯ ಮೂಲೆಯಲ್ಲಿ, ನೆರಳಲ್ಲಿ, ಸುಮ್ನೆ ಎರಡು ವಾರ ಬಿಟ್ಟುಬಿಡಿ. ನೀರು ತಾಗಬಾರದು. ನಮ್ಮ ಮನೆಯಲ್ಲಿ ಅದನ್ನು ನೋಡಿ ಸೌದೆ ಅಂದುಕೊಂಡು ಒಲೆಗೆ ಹಾಕುವುದರಲ್ಲಿದ್ದರು. ಕಡಿದ ಜಾಗ ಒಣಗಿ, ಉಗುರಲ್ಲಿ ಕುಟ್ಟಿದರೆ ಟಕ್ ಅನ್ನಬೇಕು. ಸಿಪ್ಪೆ ಸ್ವಲ್ಪ ಸುಕ್ಕಾದರೆ ಹೆದರಬೇಡಿ.

ತಳಕ್ಕೆ ತೂತಿರುವ ಕುಂಡದಲ್ಲಿ ಅರ್ಧ ದಪ್ಪ ಮರಳು ಅಥವಾ ಬೇಬಿ ಜಲ್ಲಿ (ಸಣ್ಣ ಜಲ್ಲಿಕಲ್ಲು), ಉಳಿದದ್ದು ಕೆಮ್ಮಣ್ಣು. ಗೊಬ್ಬರ ಈಗ ಬೇಡ. ನಾಲ್ಕು ಇಂಚು ಆಳಕ್ಕೆ ನೆಟ್ಟು, ಅಲ್ಲಾಡದ ಹಾಗೆ ಒಂದು ಕೋಲಿಗೆ ಕಟ್ಟಿ. ನೆಟ್ಟ ದಿನ ಒಂದು ಸಲ ನೀರು, ಮತ್ತೆ ಮಣ್ಣು ಪೂರ್ತಿ ಒಣಗಿದಾಗ ಮಾತ್ರ. ನಾನು ಎಡವಿದ್ದು ಇಲ್ಲೇ. ಮೂರು ವಾರಕ್ಕೆ ತುದಿಯಲ್ಲಿ ಎರಡು ಎಲೆ ಬಂತು, ಬೇರು ಬಂತು ಅಂತ ದಿನಾ ನೀರು ಹೊಯ್ದೆ. ಆ ಎಲೆ ಬಂದದ್ದು ಕೊಂಬೆಯಲ್ಲಿ ಕೂಡಿಟ್ಟ ಶಕ್ತಿಯಿಂದ. ಬೇರು ಬರಲು ಆರರಿಂದ ಎಂಟು ವಾರ ಬೇಕು. ಮಧ್ಯೆ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿದ್ದರೆ ಕುಂಡವನ್ನು ಸೂರಿನ ಕೆಳಗೆ ಎಳೆದುಕೊಳ್ಳಿ. ನಮ್ಮ ಮಳೆಗೆ ಮೊದಲ ಮಳೆಗಾಲ ಪೂರ್ತಿ ಅಲ್ಲೇ ಇರಲಿ. ಮುಂದಿನ ಬೇಸಿಗೆಯಲ್ಲಿ ಇಳಿಜಾರಿನ, ಬಿಸಿಲು ಜಾಸ್ತಿ ಬೀಳುವ ಜಾಗಕ್ಕೆ ಇಳಿಸಿ. ನನ್ನದು ಎರಡನೇ ವರ್ಷ ಹೂಬಿಟ್ಟಿತು. ಚಳಿಗಾಲದಲ್ಲಿ ಎಲೆ ಉದುರಿದರೆ ಗಿಡ ಸತ್ತಿತು ಅಂತ ಕಿತ್ತುಬಿಡಬೇಡಿ.

ಸಂಪಿಗೆ ಕೊಂಬೆಗೆ ಸುಲಭವಾಗಿ ಬೇರು ಬರುವುದಿಲ್ಲ. ಬೀಜದ ಗಿಡ ಹೂಬಿಡಲು ತುಂಬಾ ವರ್ಷ ಕಾಯಿಸುತ್ತದೆ. ನರ್ಸರಿಯಿಂದ ಕಸಿ ಗಿಡ ತಂದುಬಿಡಿ.

ಈ ವರ್ಷ ಕೊಳೆತ ಕೊಂಬೆಯನ್ನು ಇನ್ನೂ ಎಸೆದಿಲ್ಲ ತಾನೇ? ಬುಡ ಹಿಸುಕಿ ನೋಡಿ. ಮೆತ್ತಗಿರುವುದನ್ನು ಕತ್ತರಿಸುತ್ತಾ ಹೋಗಿ. ಒಳಗೆ ಕಂದು ಚುಕ್ಕೆ ಇಲ್ಲದೆ ಬಿಳಿ ತಿರುಳು ಕಂಡರೆ ಅಲ್ಲಿಗೆ ನಿಲ್ಲಿಸಿ, ಮತ್ತೆ ಒಣಗಲು ಇಡಿ. ಒಂದು ಗೇಣು ಉಳಿದರೂ ಸಾಕು.