ನಾರ್ನಿಯಾ ಸರಣಿಯನ್ನು ಯಾವ ಪುಸ್ತಕದಿಂದ ಶುರು ಮಾಡಬೇಕು?

ಹತ್ತು ವರ್ಷದ ಮಗಳಿಗೆಂದು ನಾರ್ನಿಯಾ ಎಂಬ ಮಾಯಾಲೋಕದ ಕಥೆಗಳನ್ನು ಹೇಳುವ ಸಿ.ಎಸ್. ಲೂಯಿಸ್ ಅವರ ಸರಣಿಯ ಏಳೂ ಪುಸ್ತಕಗಳನ್ನು ತಂದಿದ್ದೀರಿ. ಅವುಗಳ ಬೆನ್ನಿನ ಮೇಲೆ ಒಂದರಿಂದ ಏಳರವರೆಗೆ ಸಂಖ್ಯೆ ಅಚ್ಚಾಗಿದೆ. ಆದರೆ ಸ್ನೇಹಿತರೊಬ್ಬರು ಎರಡನೆಯದರಿಂದ ಶುರು ಮಾಡಿ ಎಂದಿದ್ದಾರೆ. ಯಾರ ಮಾತು ಕೇಳಲಿ ಎಂದು ಕೇಳಿದ್ದೀರಿ. ಸ್ನೇಹಿತರ ಮಾತನ್ನೇ ಕೇಳಿ. ಈ ಪುಸ್ತಕಗಳನ್ನು ನಾನು ಎರಡೂ ಕ್ರಮದಲ್ಲಿ ಓದಿದ್ದೇನೆ, ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಿಯೂ ಇದ್ದೇನೆ. ಈ ವಿಷಯದಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. (ಕೆಳಗೆ ಕಥೆಯ ಗುಟ್ಟುಗಳಿವೆ. ದಯವಿಟ್ಟು ಮಗಳಿಗೆ ತೋರಿಸಬೇಡಿ.)

ಪುಸ್ತಕಗಳು 1950ರಿಂದ 1956ರವರೆಗೆ ವರ್ಷಕ್ಕೊಂದರಂತೆ ಬಂದವು. ಮೊದಲು ಬಂದದ್ದು ‘ದಿ ಲಯನ್, ದಿ ವಿಚ್ ಅಂಡ್ ದಿ ವಾರ್ಡ್‌ರೋಬ್’. ನಾರ್ನಿಯಾ ಹುಟ್ಟಿದ ಬಗೆಯನ್ನು ಹೇಳುವ ‘ದಿ ಮೆಜಿಷಿಯನ್ಸ್ ನೆಫ್ಯೂ’ ಬಂದದ್ದು 1955ರಲ್ಲಿ, ಆರನೆಯದಾಗಿ. ಅಮೆರಿಕದ ಆವೃತ್ತಿಗಳಲ್ಲಿ 1994ರಿಂದ ಪ್ರಕಾಶಕರು ಕಥೆಯೊಳಗಿನ ಕಾಲವನ್ನು ಹಿಡಿದು ಸಂಖ್ಯೆಗಳನ್ನು ಬದಲಾಯಿಸಿದರು, ಆರನೆಯದು ಒಂದನೆಯದಾಯಿತು, ಮೊದಲು ಬಂದದ್ದು ಎರಡನೆಯದಾಯಿತು. ಹೊಸ ಕ್ರಮವನ್ನು ಸಮರ್ಥಿಸುವವರು ಲೂಯಿಸ್ ಅವರ ಪತ್ರವೊಂದನ್ನು ಮುಂದಿಡುತ್ತಾರೆ. ಕಾಲಾನುಕ್ರಮದಲ್ಲಿ ಓದಬೇಕೆಂದಿದ್ದ ಅಮೆರಿಕದ ಹುಡುಗನೊಬ್ಬನಿಗೆ, ಅವನ ತಾಯಿಯ ಕ್ರಮಕ್ಕಿಂತ ಅವನದೇ ತಮಗೆ ಹೆಚ್ಚು ಒಪ್ಪಿಗೆ ಎಂದು ಅವರು 1957ರಲ್ಲಿ ಬರೆದದ್ದು ನಿಜ. ಆದರೆ ಅದೇ ಪತ್ರದಲ್ಲಿ, ಸರಣಿಯನ್ನು ತಾವು ಮೊದಲೇ ಯೋಜಿಸಿರಲಿಲ್ಲ, ಯಾವ ಕ್ರಮದಲ್ಲಿ ಓದಿದರೂ ಬಹುಶಃ ಅಷ್ಟೇನೂ ವ್ಯತ್ಯಾಸವಾಗದು ಎಂದೂ ಹೇಳಿದ್ದಾರೆ. ಒಬ್ಬ ಮಗುವಿಗೆ ಪ್ರೀತಿಯಿಂದ ಬರೆದ ಆ ಮಾತನ್ನು ಕಟ್ಟಳೆಯೆಂದು ಹಿಡಿಯಲು ನನಗೆ ಮನಸ್ಸಾಗುವುದಿಲ್ಲ. ಪುಸ್ತಕಗಳೇ ಏನು ಹೇಳುತ್ತವೆ ನೋಡೋಣ.

‘ವಾರ್ಡ್‌ರೋಬ್’ನ ಏಳನೆಯ ಅಧ್ಯಾಯಕ್ಕೆ ಬನ್ನಿ. ಹಿಮ ಮುಚ್ಚಿದ ಕಾಡಿನಲ್ಲಿ ಬೀವರ್ ಎಂಬ ಮಾತಾಡುವ ಪ್ರಾಣಿ ನಾಲ್ವರು ಮಕ್ಕಳನ್ನು ಹತ್ತಿರಕ್ಕೆ ಕರೆದು, ಆಸ್ಲಾನ್ ಹೊರಟಿದ್ದಾನಂತೆ ಎಂದು ಪಿಸುಗುಟ್ಟುತ್ತದೆ. ಆಸ್ಲಾನ್ ಯಾರೆಂದು ನಿಮಗೆ ಹೇಗೆ ಗೊತ್ತಿಲ್ಲವೋ ಹಾಗೆಯೇ ಆ ಮಕ್ಕಳಿಗೂ ಗೊತ್ತಿರಲಿಲ್ಲ ಎಂದು ಲೂಯಿಸ್ ಓದುಗರಿಗೇ ನೇರವಾಗಿ ಹೇಳುತ್ತಾರೆ. ಆದರೂ ಹೆಸರು ಕಿವಿಗೆ ಬಿದ್ದೊಡನೆ ಪೀಟರ್‌ನಲ್ಲಿ ಧೈರ್ಯ ಉಕ್ಕುತ್ತದೆ, ಎಡ್ಮಂಡ್‌ನನ್ನು ಕಾರಣ ತಿಳಿಯದ ಭಯ ಹಿಡಿಯುತ್ತದೆ, ಸೂಸನ್‌ಗೆ ಪರಿಮಳವೋ ಸಂಗೀತವೋ ತೇಲಿ ಹೋದಂತಾಗುತ್ತದೆ, ಲೂಸಿಗೆ ರಜೆಯ ಮೊದಲ ಬೆಳಿಗ್ಗೆ ಎಚ್ಚರವಾದ ಖುಷಿ. ಇಡೀ ಸರಣಿಯಲ್ಲಿ ನನಗೆ ಅತಿ ಪ್ರಿಯವಾದ ಪುಟ ಇದು. ‘ಮೆಜಿಷಿಯನ್ಸ್ ನೆಫ್ಯೂ’ವನ್ನು ಮೊದಲು ಓದಿದ ಮಗುವಿಗೆ ಆಸ್ಲಾನ್ ಸಿಂಹವೆಂದೂ, ತನ್ನ ಹಾಡಿನಿಂದಲೇ ನಾರ್ನಿಯಾವನ್ನು ಸೃಷ್ಟಿಸಿದವನೆಂದೂ ಆಗಲೇ ಗೊತ್ತಿರುತ್ತದೆ. ಆ ಮಗುವಿನ ಮಟ್ಟಿಗೆ ಲೇಖಕರ ಮಾತು ಸುಳ್ಳಾಗುತ್ತದೆ, ಆ ನಡುಕವೂ ದಕ್ಕುವುದಿಲ್ಲ.

ದೀಪದ ಕಂಬದ ಕಥೆಯೂ ಹೀಗೆಯೇ. ಮಕ್ಕಳು ಉಳಿದುಕೊಂಡಿದ್ದ ವೃದ್ಧ ಪ್ರೊಫೆಸರ್ ಮನೆಯ ಬೀರುವಿನೊಳಗೆ ಕೋಟುಗಳನ್ನು ಸರಿಸುತ್ತಾ ಹೋದ ಲೂಸಿಗೆ ಕಾಲಡಿ ಹಿಮ ಸಿಗುತ್ತದೆ, ದೂರದಲ್ಲಿ ಬೆಳಕು ಕಾಣುತ್ತದೆ. ನಟ್ಟಡವಿಯಲ್ಲಿ ಬೀದಿ ದೀಪ ಏಕಿದೆ? ಉತ್ತರ ಸಿಗದ ಆ ಪ್ರಶ್ನೆಯೇ ಕಾಡಿಗೆ ಮಾಯೆಯ ಬಣ್ಣ ಕೊಡುತ್ತದೆ. ಐದು ಪುಸ್ತಕ ದಾಟಿದ ಮೇಲೆ, ಮಾಟಗಾತಿ ಲಂಡನ್ನಿನ ದೀಪದ ಕಂಬದಿಂದ ಮುರಿದು ತಂದ ಕಬ್ಬಿಣದ ತುಂಡು ನಾರ್ನಿಯಾದ ಎಳೆಯ ಮಣ್ಣಿನಲ್ಲಿ ಬಿದ್ದು ಕಂಬವಾಗಿ ಬೆಳೆಯುವುದನ್ನು ಓದಿದಾಗ ಮಕ್ಕಳು ಕೂಗಿಕೊಳ್ಳುತ್ತಾರೆ. ಬೀರುವಿನ ಮರ ಎಲ್ಲಿಯದು, ಆ ವೃದ್ಧ ಪ್ರೊಫೆಸರ್ ಯಾರು ಎಂಬುದೂ ಅಲ್ಲಿಯೇ ಬಿಚ್ಚಿಕೊಳ್ಳುತ್ತದೆ. ಒಗಟು ಕೇಳುವ ಮೊದಲೇ ಬಿಡಿಸಿಟ್ಟರೆ ಈ ಸಂತೋಷ ಎಲ್ಲಿಂದ ಬರಬೇಕು?

‘ದಿ ಹಾರ್ಸ್ ಅಂಡ್ ಹಿಸ್ ಬಾಯ್’ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯುವುದಿಲ್ಲ. ಅದರ ಘಟನೆಗಳು ನಡೆಯುವುದು ‘ವಾರ್ಡ್‌ರೋಬ್’ನ ಕೊನೆಯ ಅಧ್ಯಾಯದೊಳಗೆ, ನಾಲ್ವರೂ ರಾಜ್ಯವಾಳುತ್ತಿದ್ದಾಗ. ಎಲ್ಲಿ ಓದಿದರೂ ಅದು ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ. ಆದರೂ ‘ದಿ ಸಿಲ್ವರ್ ಚೇರ್’ ನಂತರ ಓದುವುದಕ್ಕೆ ಒಂದು ಚಂದವಿದೆ. ಆ ಪುಸ್ತಕದಲ್ಲಿ ಅರಮನೆಯ ಊಟವಾದ ಮೇಲೆ ಕುರುಡು ಕವಿಯೊಬ್ಬ ಇದೇ ಕಥೆಯನ್ನು ಹಾಡುತ್ತಾನೆ. ಈಗ ಹೇಳಲು ಸಮಯವಿಲ್ಲ, ಆದರೆ ಕೇಳತಕ್ಕ ಕಥೆ ಎಂದು ಲೂಯಿಸ್ ಆಸೆ ಹುಟ್ಟಿಸಿ ಮುಂದೆ ಸಾಗುತ್ತಾರೆ. ಮರುವರ್ಷ ಬಂದದ್ದು ಅದೇ ಪುಸ್ತಕ.

‘ಪ್ರಿನ್ಸ್ ಕ್ಯಾಸ್ಪಿಯನ್’, ‘ದಿ ವಾಯೇಜ್ ಆಫ್ ದಿ ಡಾನ್ ಟ್ರೆಡರ್’, ‘ದಿ ಸಿಲ್ವರ್ ಚೇರ್’ ಈ ಮೂರನ್ನು ಮಾತ್ರ ಹಿಂದುಮುಂದು ಮಾಡಲೇಬೇಡಿ. ಕ್ಯಾಸ್ಪಿಯನ್ ಹುಡುಗನಿಂದ ಮುದುಕನಾಗುವುದು ಇವುಗಳಲ್ಲೇ.

ನಿಮ್ಮ ಪುಸ್ತಕಗಳ ಬೆನ್ನಿನ ಸಂಖ್ಯೆಗಳನ್ನೇ ಹಿಡಿದು ಹೇಳುವುದಾದರೆ ಓದಬೇಕಾದ ಕ್ರಮ 2, 4, 5, 6, 3, 1, 7. ಮಗಳು ಈಗಾಗಲೇ ಒಂದನೆಯದನ್ನು ಹಿಡಿದು ಕುಳಿತಿದ್ದರೆ ಕಸಿದುಕೊಳ್ಳಬೇಡಿ. ಓದುವ ಮಗುವನ್ನು ತಡೆಯುವಷ್ಟು ದೊಡ್ಡ ವಿಷಯ ಇದಲ್ಲ. ‘ದಿ ಲಾಸ್ಟ್ ಬ್ಯಾಟಲ್’ ಎರಡೂ ಕ್ರಮದಲ್ಲಿ ಕೊನೆಯದೇ. ಅದರಲ್ಲಿ ಸಾವು, ಒಂದು ಲೋಕದ ಅಂತ್ಯ ಎಲ್ಲವೂ ಬರುತ್ತವೆ. ಅದನ್ನು ಅವಳೊಬ್ಬಳೇ ಓದುವುದಕ್ಕಿಂತ ನೀವೂ ಪಕ್ಕದಲ್ಲಿ ಕುಳಿತು ಒಟ್ಟಿಗೆ ಓದಿ.